ಹೆಸರಿಲ್ಲದ ಫಂಕ್ಷನ್ನಿಗೆ ನಾನು ಕೊಟ್ಟ ನೋಟಿಸು

ಆ ಸಾಲನ್ನು ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟು. ಒಂದು ಡಾಲರ್ ಚಿಹ್ನೆ. ಅದಕ್ಕೆ ಅಂಟಿಕೊಂಡು ಒಂದು ಆವರಣ. ಆವರಣದೊಳಗೆ ಫಂಕ್ಷನ್ ಎಂಬ ಪದ; ಕಂಪ್ಯೂಟರಿಗೆ ಒಪ್ಪಿಸುವ ಒಂದು ಕೆಲಸದ ಕಟ್ಟಿಗೆ ಹಾಗನ್ನುತ್ತಾರೆ. ಆ ಪದದ ಮಗ್ಗುಲಲ್ಲಿ ಒಳಗೇನೂ ಇಲ್ಲದ ಮತ್ತೊಂದು ಆವರಣ. ಅಲ್ಲಿಂದ ಕೆಳಕ್ಕೆ ಹನ್ನೊಂದು ಸಾಲುಗಳ ಕೆಲಸ ನಡೆಯುತ್ತಿತ್ತು. ಕೆಲಸ ಮಾಡುತ್ತಿದ್ದವರಿಗೆ ಹೆಸರಿರಲಿಲ್ಲ. ಮಾಡು ಎಂದು ಅಪ್ಪಣೆ ಕೊಟ್ಟವರು ಯಾರೆಂಬುದು ಇಡೀ ಕಡತವನ್ನು ಜಾಲಾಡಿದರೂ ಸಿಗಲಿಲ್ಲ. ಹೊಣೆ ಯಾರದು ಎಂದು ಕೇಳುವುದನ್ನೇ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕಲಿತು ಬಂದವಳನ್ನು ಕೆರಳಿಸಲು ಇಷ್ಟು ಸಾಕಾಗಿತ್ತು.

ಆ ಕಡತ ಚಾಮರಾಜಪೇಟೆಯ ನಮ್ಮ ನಿವಾಸಿಗಳ ಸಂಘದ್ದು. ವಾಚನಾಲಯದ ಹಿಂದಿನ ಕೋಣೆಯಲ್ಲಿ ನಡೆಯುವ ಈ ಸಂಘಕ್ಕೆ ದೂರು ಫಲಕ ಎಂಬ ಒಂದು ವೆಬ್ ಪುಟವಿದೆ. ಅದರ ನಿರ್ವಾಹಕಿ ನಾನು. ಬಡಾವಣೆಯವರು ವಾರ್ಡ್ ಕಚೇರಿಗೆ ಕೊಟ್ಟ ಪ್ರತಿ ದೂರಿಗೂ ಅಲ್ಲಿ ಒಂದು ಸಾಲು: ದೂರೇನು, ಎಲ್ಲಿ, ಕೊಟ್ಟ ದಿನಾಂಕ, ಕಡೆಯಲ್ಲಿ ಕೆಂಪಕ್ಷರದ ಒಂದು ಕಲಂ—ಕ್ರಮವಿಲ್ಲದೆ ಕಳೆದ ದಿನಗಳು. ಈ ಕಡೆಯ ಅಂಕಿಯನ್ನು ಯಾರೂ ಕೂತು ತುಂಬುವುದಿಲ್ಲ. ಪುಟವನ್ನು ತೆರೆದಾಗಲೆಲ್ಲ ಒಂದು ಪುಟ್ಟ ಸ್ಕ್ರಿಪ್ಟ್ ಇವತ್ತಿನ ದಿನದಿಂದ ದೂರಿನ ದಿನವನ್ನು ಕಳೆದು ಬರೆಯುತ್ತದೆ. ಜೆಕ್ವೆರಿ ಎಂಬ ಸಿದ್ಧ ಆದೇಶಗಳ ಸಂಗ್ರಹವನ್ನು ಬಳಸಿ ಅದನ್ನು ಬರೆದವರು ಒಬ್ಬ ಕಾಲೇಜು ಲ್ಯಾಬ್ ಬೋಧಕರು. ಕುಮಾರ ಪಾರ್ಕಿಗೆ ಮನೆ ಬದಲಾಯಿಸುವಾಗ ಪುಟವನ್ನು ನನಗೆ ಒಪ್ಪಿಸಿ ಒಂದೇ ಒಂದು ಮಾತು ಹೇಳಿ ಹೋಗಿದ್ದರು.

"ಮೇಡಂ, ಬಣ್ಣ ಬದಲಾಯ್ಸಿ, ಅಕ್ಷರ ಬದಲಾಯ್ಸಿ. ಸ್ಕ್ರಿಪ್ಟ್ ಮಾತ್ರ ಮುಟ್ಬೇಡಿ. ಓಡ್ತಾ ಇದೆ."

"ಓಡ್ತಾ ಇದೆ ಅನ್ನೋದು ವಿವರಣೆ ಅಲ್ಲ" ಎಂದಿದ್ದೆ.

"ಅಲ್ಲ. ಆದ್ರೆ ಓಡ್ತಾ ಇದೆ."

ಫಲಕದಲ್ಲಿ ಆಗ ಎಲ್ಲಕ್ಕಿಂತ ಕೆಂಪಾಗಿ ಉರಿಯುತ್ತಿದ್ದ ಸಾಲು ಮೂರನೇ ಅಡ್ಡರಸ್ತೆಯ ಚರಂಡಿಯ ಚಪ್ಪಡಿಯದು. ದೂರು ಕೊಟ್ಟಾಗ ಅದು ಅಲುಗಾಡುತ್ತಿತ್ತು, ಅಷ್ಟೆ. ನಾಲ್ಕು ತಿಂಗಳು ಅಲುಗಾಡಿದ ಮೇಲೆ ಒಂದು ಬೆಳಗ್ಗೆ, ನಮ್ಮ ಸಮಿತಿಯ ಸದಸ್ಯೆಯಾದ ನಿವೃತ್ತ ಗಣಿತದ ಮೇಡಂ ಹೂವು ತರಲು ಹೊರಟು ಅದರ ಮೇಲೆ ಕಾಲಿಟ್ಟರು. ಚಪ್ಪಡಿ ಒಳಗೆ ಹೋಯಿತು, ಮೇಡಂ ಸೊಂಟದವರೆಗೆ ಹೋದರು. ಬಲಗೈ ಮಣಿಕಟ್ಟಿನ ಮೂಳೆ ಮುರಿದು ಪ್ಲಾಸ್ಟರಾಯಿತು. ಬಾಯಿ ತೆರೆದುಕೊಂಡ ಆ ಚರಂಡಿಯ ಮೇಲೆ ಅಂದಿನಿಂದ ಒಂದು ಮುರಿದ ಬಾಗಿಲನ್ನು ಮಲಗಿಸಿ, ಪಕ್ಕದಲ್ಲಿ ಒಂದು ಕೆಂಪು ಬಕೆಟ್ ನಿಲ್ಲಿಸಲಾಗಿತ್ತು. ಆ ಬೀದಿಯ ಅರ್ಧದಷ್ಟು ಜನ ಎಪ್ಪತ್ತು ದಾಟಿದವರು.

ಇದಕ್ಕಾಗಿ ವಾರ್ಡ್ ಕಚೇರಿಯ ಸಹಾಯಕ ಎಂಜಿನಿಯರರ ಬೆನ್ನು ಹತ್ತಿ ನಾನು ಒಂದು ಲಿಖಿತ ಭರವಸೆಯನ್ನು ಪಡೆದಿದ್ದೆ: ತೊಂಬತ್ತು ದಿನ ಮೀರಿದ ದೂರುಗಳನ್ನು ಮುಂದಿನ ಕಾಮಗಾರಿ ಪಟ್ಟಿಗೆ ಸೇರಿಸಲಾಗುವುದು, ದಿನಗಳ ಎಣಿಕೆಗೆ ಸಂಘದ ಫಲಕವೊಂದೇ ಪ್ರಮಾಣ. ಎರಡನೆಯ ವಾಕ್ಯ ನನ್ನ ಹಟದಿಂದ ಬಂದದ್ದು. ಸ್ವೀಕೃತಿ ಚೀಟಿಗಳು ನಿಮ್ಮಲ್ಲಿ ಕಳೆದುಹೋಗುತ್ತವೆ, ಫಲಕ ಕಳೆದುಹೋಗುವುದಿಲ್ಲ ಎಂದು ಅವರ ಮೇಜು ಕುಟ್ಟಿ ವಾದಿಸಿದ್ದೆ. ಶನಿವಾರ ಬೆಳಗ್ಗೆ ಅವರು ಸಂಘಕ್ಕೆ ಬಂದು ಫಲಕ ನೋಡುವುದೆಂದೂ ಸೋಮವಾರ ಹನ್ನೊಂದು ಗಂಟೆಗೆ ಪಟ್ಟಿಯನ್ನು ಮೇಲಧಿಕಾರಿಗೆ ಕಳಿಸುವುದೆಂದೂ ನಿಶ್ಚಯವಾಗಿತ್ತು.

ಈ ಭೇಟಿಗೆ ಮುಂಚೆ ನಮ್ಮ ಮನೆಯನ್ನು ನಾವು ಶುದ್ಧ ಮಾಡಿಕೊಳ್ಳಬೇಕೆಂದು ನನಗನ್ನಿಸಿತು. ಅನಾಮಧೇಯ ಫಂಕ್ಷನ್ನನ್ನು ಇಟ್ಟುಕೊಂಡು ಇನ್ನೊಬ್ಬರಿಂದ ಉತ್ತರದಾಯಿತ್ವ ಕೇಳುವುದು ಯಾವ ನೈತಿಕತೆ?

ನಮ್ಮ ಸಂಘದಲ್ಲಿ ಸೂಚಕರು ಮತ್ತು ಅನುಮೋದಕರು ಇಲ್ಲದೆ ಏನೂ ಬದಲಾಗುವುದಿಲ್ಲ. ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕಿದ್ದಕ್ಕೂ ನಡವಳಿ ಪುಸ್ತಕದಲ್ಲಿ ನಿರ್ಣಯವಿದೆ. ಈ ಶಿಸ್ತಿನ ಶಿಲ್ಪಿ ನಮ್ಮ ಕಾರ್ಯದರ್ಶಿಗಳು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು, ಹಸಿರು ಶಾಯಿಯ ಪೆನ್ನನ್ನು ಈಗಲೂ ಬಿಟ್ಟಿಲ್ಲ. ಆದ್ದರಿಂದ ಗುರುವಾರ ಸಂಜೆ ನಾನು ಸ್ಕ್ರಿಪ್ಟನ್ನು ಏಳು ಪ್ರತಿ ಮುದ್ರಿಸಿ ಕಾರ್ಯಕಾರಿ ಸಮಿತಿಯ ಮುಂದಿಟ್ಟೆ. ಜಗತ್ತಿನ ಬೇರೆಲ್ಲೂ ಹನ್ನೊಂದು ಸಾಲಿನ ಸ್ಕ್ರಿಪ್ಟೊಂದು ಕೋರಂ ತುಂಬಿದ ಸಭೆಯನ್ನು ಎದುರಿಸಿರಲಿಕ್ಕಿಲ್ಲ.

ಕಾರ್ಯದರ್ಶಿಗಳು ಕನ್ನಡಕ ಏರಿಸಿದರು. "ಇದು ಯಾರ ಆದೇಶ?"

"ನನ್ನ ಪ್ರಶ್ನೆಯೂ ಅದೇ, ಸರ್."

"ಹೆಸರಿಲ್ಲ, ಸಹಿ ಇಲ್ಲ. ಇಂಥ ಡ್ರಾಫ್ಟು ನನ್ನ ಟೇಬಲ್‌ಗೆ ಬಂದಿದ್ರೆ ವಾಪಸ್ ಎಸೀತಿದ್ದೆ."

"ಡಾಲರ್ ಯಾಕಮ್ಮ ಹಾಕಿದಾರೆ?" ಎಂದು ಗಣಿತದ ಮೇಡಂ ಎಡಗೈಯಲ್ಲಿ ಹಾಳೆ ತಿರುವಿದರು. "ಅಮೇರಿಕದಿಂದ ದೇಣಿಗೆ ಗೀಣಿಗೆ ಬಂತಾ?"

ಸಭೆ ನಕ್ಕಿತು. ನಗು ನಿಂತ ಮೇಲೆ ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. "ಅಲ್ಲ, ಇಷ್ಟು ದಿನ ಇದು ತಾನಾಗೇ ಓಡ್ತಿತ್ತು ಅಂದ್ರೆ, ಯಾರೋ ಒಬ್ರು ಕರೀತಿದ್ರು ಅಂತ ತಾನೇ ಅರ್ಥ? ಅವರು ಯಾರು, ಯಾವಾಗ ಕರೀತಿದ್ರು, ಅದನ್ನ ಮೊದ್ಲು ನೋಡಬೇಡ್ವೇ?"

ಆ ಸಂಜೆ ಕೇಳಿಬಂದ ಸರಿಯಾದ ಪ್ರಶ್ನೆ ಅದೊಂದೇ. "ಅದೆಲ್ಲ ಡೀಟೇಲ್ಸ್ ಮೇಡಂ, ಇದು ತತ್ವದ ಪ್ರಶ್ನೆ" ಎಂದು ನಾನು ಅದನ್ನು ಬದಿಗೆ ಸರಿಸಿದೆ.

ಮುಂದಿನ ನಲವತ್ತು ನಿಮಿಷ ಹೆಸರಿನ ಚರ್ಚೆಗೆ ಹೋಯಿತು. ‘ವಿಳಂಬಸೂಚಿ’ ಎಂಬುದು ಎಂಜಿನಿಯರರಿಗೆ ನೋವುಂಟುಮಾಡೀತೆಂದು ಬಿದ್ದುಹೋಗಿ, ‘ದಿನಗಣನೆ’ ಗೆದ್ದಿತು. ಕಾರ್ಯದರ್ಶಿಗಳು ನಿರ್ಣಯವನ್ನು ಹೇಳಿ ಬರೆಸಿದರು: ‘ಅನಾಮಧೇಯ ಫಂಕ್ಷನ್ನಿಗೆ ದಿನಗಣನೆ ಎಂದು ನಾಮಕರಣ ಮಾಡಿ, ಅದನ್ನು ಹೆಸರು ಹಿಡಿದು ಕರೆದು ಕೆಲಸಕ್ಕೆ ಹಚ್ಚತಕ್ಕದ್ದು.’ ಸೂಚಕಿ ನಾನು. ಅನುಮೋದಕಿ ಗಣಿತದ ಮೇಡಂ, ಎಡಗೈ ಸಹಿಯೊಂದಿಗೆ.

ಶುಕ್ರವಾರ ನಾನು ನಿರ್ಣಯವನ್ನು ಜಾರಿ ಮಾಡಿದೆ. ಡಾಲರನ್ನು ಅಳಿಸಿದೆ, ಅದರ ಆವರಣವನ್ನೂ ಅಳಿಸಿದೆ. ಫಂಕ್ಷನ್ನಿಗೆ ಹೆಸರು ಕೊಟ್ಟೆ. ಅದರ ಕೆಳಗಿನ ಸಾಲಿನಲ್ಲೇ ಹೆಸರು ಬರೆದು, ಖಾಲಿ ಆವರಣವೊಂದನ್ನು ಹಾಕಿದೆ. ಕರೆಯುವ ವಿಧಾನ ಅದು ಎಂದು ಓದಿಕೊಂಡಿದ್ದೆ. ಕಾರ್ಯದರ್ಶಿಗಳು ಬೀರುವಿನಿಂದ ಮೊಹರು ಮಾಡಿದ ಲಕೋಟೆಯನ್ನು ತೆಗೆದು, ಪಾಸ್‌ವರ್ಡನ್ನು ನನಗೆ ಕಾಣದಂತೆ ಒಂದೇ ಬೆರಳಿನಲ್ಲಿ ಒತ್ತಿದರು. ತಿದ್ದಿದ ಕಡತ ಜಾಲಕ್ಕೇರಿತು. ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದೆ. ಕೆಂಪಂಕಿಗಳು ಎಂದಿನಂತೆ ಸಾಲಾಗಿ ನಿಂತಿದ್ದವು. ಬ್ರೌಸರು ತನ್ನಲ್ಲಿ ಉಳಿಸಿಕೊಂಡಿದ್ದ ಹಳೆಯ ಪ್ರತಿಯನ್ನೇ ನನಗೆ ತೋರಿಸುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಹೊಣೆಗಾರಿಕೆ ಎಷ್ಟು ಸರಳವೆಂದು ಬೀಗುತ್ತಾ ಮನೆಗೆ ಹೋದೆ.

ಶನಿವಾರ ಹತ್ತೂವರೆಗೆ ಎಂಜಿನಿಯರರು ಬಂದರು. ಉಪ್ಪಿಟ್ಟು ತಿಂದರು. ಸಂಘದ ಕಂಪ್ಯೂಟರಿನಿಂದ ಪ್ರೊಜೆಕ್ಟರಿನ ಬೆಳಕು ವಾಚನಾಲಯದ ಗೋಡೆಯ ಮೇಲೆ ಬಿತ್ತು. ನಾನು ಎದ್ದುನಿಂತು, ಹಿಂದಿನ ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯವನ್ನು ಹೇಳಿದೆ: "ಈ ಗೋಡೆಯ ಮೇಲೆ ಕಾಣ್ತಿರೋದು ಅಂಕಿಗಳಲ್ಲ, ನಿಮ್ಮ ಮೌನದ ಉದ್ದ."

ಎಲ್ಲರೂ ಗೋಡೆ ನೋಡಿದರು. ಪ್ರತಿ ಸಾಲಿನ ಕೊನೆಯಲ್ಲೂ ದೊಡ್ಡದೊಂದು ಕೆಂಪು ಸೊನ್ನೆಯಿತ್ತು.

ಎಂಜಿನಿಯರರು ಮೊದಲಿನಿಂದ ಕೊನೆಯ ಸಾಲಿನವರೆಗೆ ಸಾವಕಾಶವಾಗಿ ಓದಿದರು. ಅವರ ಮುಖ ಅರಳುತ್ತಾ ಹೋಯಿತು. "ಸೊನ್ನೆ ದಿನ. ಇದೂ ಸೊನ್ನೆ. ನಮ್ಮ ಪೆಂಡೆನ್ಸಿ ಸೊನ್ನೆ ಅಂತ ಯಾವ ವಾರ್ಡಲ್ಲೂ ಯಾರೂ ಹೀಗೆ ಬರೆದು ಹಾಕಿಲ್ಲ ಮೇಡಂ. ತುಂಬಾ ಥ್ಯಾಂಕ್ಸ್." ಫೋನ್ ತೆಗೆದು ಗೋಡೆಯ ಫೋಟೊ ಹೊಡೆದುಕೊಂಡರು.

"ಸೊನ್ನೆ ದಿನಕ್ಕೆ ನನ್ನ ಕೈ ಮುರೀತೇನಪ್ಪಾ?" ಎಂದು ಗಣಿತದ ಮೇಡಂ ಪ್ಲಾಸ್ಟರನ್ನು ಎತ್ತಿ ತೋರಿಸಿದರು.

"ಅಯ್ಯೋ ಅಮ್ಮಾ, ನನಗೆ ಅರ್ಥ ಆಗತ್ತೆ. ಆದ್ರೆ ಎಣಿಕೆಗೆ ಫಲಕವೊಂದೇ ಪ್ರಮಾಣ ಅಂತ ನನ್ನ ಕೈಲಿ ಬರೆಸ್ಕೊಂಡಿದ್ದು ಇವರೇ." ನನ್ನತ್ತ ಕೈ ತೋರಿದರು, ಆ ಮಾತಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ, ಅದೇ ನನ್ನನ್ನು ಸುಟ್ಟಿತು. "ಸೋಮವಾರ ಹನ್ನೊಂದಕ್ಕೆ ಇನ್ನೊಂದ್ಸಲ ನೋಡ್ತೀನಿ. ಆಗ ಏನಿದ್ಯೋ ಅದು ಪಟ್ಟಿಗೆ. ಮುಂದಿನ ಪಟ್ಟಿ ಮಳೆಗಾಲ ಮುಗಿದ ಮೇಲೆ."

ಅವರು ಹೋದ ಅರ್ಧ ಗಂಟೆಯೊಳಗೆ ನಾನು ಎಂಜಿನಿಯರರ ವಿರುದ್ಧ ಅವರ ಮೇಲಧಿಕಾರಿಗೆ ಮೂರು ಪುಟದ ಪತ್ರವೊಂದನ್ನು ಬರೆದು ಮುಗಿಸಿದ್ದೆ. ಅದರಲ್ಲಿ ‘ಡಿಜಿಟಲ್ ದುಷ್ಕೃತ್ಯ’ ಎಂಬ ಪದ ಎರಡು ಸಲವೂ ‘ಯಾರ ಕುಮ್ಮಕ್ಕಿನಿಂದ’ ಎಂಬುದು ನಾಲ್ಕು ಸಲವೂ ಬರುತ್ತಿತ್ತು. ಕಾರ್ಯದರ್ಶಿಗಳು ಅದನ್ನು ಓದದೆಯೇ ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದರು. "ಸಿಟ್ಟಿನ ಕಾಗದ ಅದೇ ದಿನ ರವಾನೆ ಮಾಡೋ ಪದ್ಧತಿ ಇಲ್ಲ. ಎರಡು ದಿನ ಮಲಗಲಿ." ಸರ್ಕಾರಿ ನಿಧಾನವನ್ನು ಅಷ್ಟು ಹತ್ತಿರದಿಂದ ಕಂಡು ನಾನು ಕುದಿದುಹೋದೆ. ಆ ಖಾನೆಯ ಬೀಗಕ್ಕೆ ಇವತ್ತು ನಾನು ಋಣಿ.

ಇನ್ನೊಬ್ಬ ಆರೋಪಿ ಉಳಿದಿದ್ದರು. ಭಾನುವಾರ ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ಬಸ್ ಬದಲಾಯಿಸಿ ಕುಮಾರ ಪಾರ್ಕಿಗೆ ಹೋದೆ. ಲ್ಯಾಬ್ ಬೋಧಕರು ಮಹಡಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದರು.

"ನಿಮ್ಮ ಸ್ಕ್ರಿಪ್ಟ್ ಕೈಕೊಟ್ಟಿದೆ. ಸಾರ್ವಜನಿಕವಾಗಿ. ವಿವರಣೆ ಬೇಕು" ಎಂದೆ.

"ಮುಟ್ಟಿದ್ರಾ?"

"ಹೆಸರಿಟ್ಟೆವು. ನಿರ್ಣಯ ಮಾಡಿ."

ಅವರ ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. "ನಿರ್ಣಯ... ಗುರುವೇ! ಡಾಲರ್ ಏನಾಯ್ತು?"

"ತೆಗೆದೆ."

ಅವರು ಬಹಳ ಹೊತ್ತು ನಕ್ಕರು. ನಗುವವರನ್ನು ವಿಚಾರಣೆ ಮಾಡುವುದು ಕಷ್ಟ. ನಕ್ಕು ಮುಗಿಸಿ, ಒದ್ದೆ ಕೈ ಒರೆಸಿಕೊಂಡು ಕೇಳಿದರು: "ಬಸವನಗುಡಿ ಕಡೆ ಮದುವೆ ಊಟಕ್ಕೆ ಹೋಗಿದೀರಲ್ಲ? ಎಲೆ ಹಾಕೋಕೆ ಮುಂಚೆ ಸಾರಿನವನು ಬಕೆಟ್ ಹಿಡ್ಕೊಂಡು ಬಂದ್ರೆ ಏನಾಗತ್ತೆ?"

"ಬಡಿಸೋಕೆ ಎಲೆ ಇರಲ್ಲ."

"ಅಷ್ಟೇ ಆಗಿರೋದು. ಬ್ರೌಸರ್ ಪುಟಾನ ಮೇಲಿಂದ ಕೆಳಕ್ಕೆ ಓದ್ಕೊಂಡು ಬರತ್ತೆ. ಸ್ಕ್ರಿಪ್ಟ್ ಇರೋದು ತಲೆಭಾಗದಲ್ಲಿ, ದೂರಿನ ಪಟ್ಟಿ ಕೆಳಗೆ. ನೀವು ಅಲ್ಲೇ, ಆ ಕ್ಷಣಕ್ಕೇ ಕರೆದ್ರಿ. ಅದು ಬಕೆಟ್ ಹಿಡ್ಕೊಂಡು ಬಂತು, ನೋಡ್ತು, ಒಂದು ಎಲೆನೂ ಇಲ್ಲ. ವಾಪಸ್ ಹೋಯ್ತು. ಆಮೇಲೆ ಪಟ್ಟಿ ಬಂತು, ನಾನು ಮೊದ್ಲೇ ತುಂಬಿಟ್ಟಿದ್ದ ಸೊನ್ನೆಗಳ ಸಮೇತ."

"ಎಲೆ ಇಲ್ಲ ಅಂತ ಕೂಗಬಹುದಿತ್ತಲ್ಲ? ಒಂದು ದೋಷಸಂದೇಶನಾದ್ರೂ?"

"ಜೆಕ್ವೆರಿ ಸ್ವಭಾವ ಹಾಗಲ್ಲ ಮೇಡಂ. ಹುಡುಕಿದ್ದು ಸಿಗದಿದ್ರೆ ಸೊನ್ನೆ ಜನಕ್ಕೆ ಬಡಿಸಿ ಬಂದೆ ಅಂದ್ಕೊಂಡು ಸುಮ್ಮನಾಗತ್ತೆ."

ಇಂಥ ನೌಕರರನ್ನು ನಾನು ಕಚೇರಿಗಳಲ್ಲಿ ಕಂಡಿದ್ದೆ. ಆದರೆ ಈ ಸಲ ತಪ್ಪು ಹೊತ್ತಿಗೆ ಕರೆದವಳು ನಾನು.

ಆ ಡಾಲರ್ ಮಾಡುತ್ತಿದ್ದದ್ದು ಏನೆಂದು ಅವರು ಹಳೆಯ ಲೆಟರ್‌ಹೆಡ್ಡೊಂದರ ಹಿಂಬದಿಯಲ್ಲಿ ಬರೆದು ತೋರಿಸಿದರು. ಪೂರ್ಣ ರೂಪದಲ್ಲಿ ಬರೆದರೆ ಅದು ಹೀಗೆ: ಈ ದಾಖಲೆ ಸಿದ್ಧವಾಗುವವರೆಗೆ ಕಾದಿದ್ದು, ಆದ ಮೇಲೆ ಈ ಕೆಲಸವನ್ನು ಮಾಡು. ಪ್ರತಿ ಪುಟದಲ್ಲೂ ಅದನ್ನೇ ಬರೆದು ಬರೆದು ಬೇಸತ್ತವರು ಒಂದು ಚುಟುಕು ರೂಪ ಮಾಡಿಕೊಂಡರು. ಡಾಲರಿನ ಆವರಣದೊಳಗೆ ಒಂದು ಫಂಕ್ಷನ್ ಇಟ್ಟರೆ ಸಾಕು. ಅದನ್ನು ಇಟ್ಟುಕೊಂಡು, ಪುಟದ ಪಟ್ಟಿಯೆಲ್ಲ ಬಂದು ಕೂತ ಮೇಲೆ, ಡಾಲರ್ ತಾನೇ ಕರೆಯುತ್ತದೆ. ಗಣಿತದ ಮೇಡಂ ಕೇಳಿದ್ದರಲ್ಲ, ಯಾರು ಕರೆಯುತ್ತಿದ್ದರು, ಯಾವಾಗ ಎಂದು. ಎರಡಕ್ಕೂ ಉತ್ತರ ನಾನು ಅಳಿಸಿಹಾಕಿದ ಆ ಒಂದು ಚಿಹ್ನೆಯಲ್ಲಿತ್ತು.

"ಹಾಗಾದ್ರೆ ಹೆಸರು?"

"ಇಟ್ಕೊಳಿ ಮೇಡಂ, ಹೆಸರಿಗೇನೂ ತೊಂದರೆ ಇಲ್ಲ. ಡಾಲರ್‌ಗೆ ಆ ಹೆಸರು ಕೊಡಿ, ಸಾಕು." ಅದನ್ನೂ ಆ ಹಾಳೆಯ ಮೇಲೆಯೇ ಬರೆದುಕೊಟ್ಟರು.

ಮನೆಗೆ ಬಂದು, ಸಂಜೆ ಬಿಸಿಲು ಇರುವಾಗಲೇ ಲ್ಯಾಪ್‌ಟಾಪಿನಲ್ಲಿ ಪುಟದ ಪ್ರತಿಯೊಂದನ್ನು ಮಾಡಿಕೊಂಡು ಕೂತೆ. ಡಾಲರ್ ಹಾಕಿದೆ, ಆವರಣದೊಳಗೆ ದಿನಗಣನೆ ಎಂದು ಬರೆದೆ, ಅದರ ಮುಂದೆ ಖಾಲಿ ಆವರಣವನ್ನೂ ಹಾಕಿದೆ. ಉಳಿಸಿಕೊಂಡ ಹಳೆಯ ಪ್ರತಿಗಳನ್ನೆಲ್ಲ ಈ ಸಲ ಅಳಿಸಿ, ಪುಟ ತೆರೆದೆ. ಸೊನ್ನೆ. ಮತ್ತೆ ತೆರೆದೆ, ಮತ್ತೆ ಸೊನ್ನೆ. ಬೋಧಕರಿಗೆ ಫೋನ್ ಮಾಡಲು ಸ್ವಾಭಿಮಾನ ಬಿಡಲಿಲ್ಲ. ಲೆಟರ್‌ಹೆಡ್ಡನ್ನೂ ಪರದೆಯನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾ ಒಂದೂವರೆ ಗಂಟೆ ಕಳೆದ ಮೇಲೆ ಕಂಡಿತು: ಅವರು ಹೆಸರನ್ನಷ್ಟೇ ಬರೆದಿದ್ದರು, ಅದರ ಮುಂದೆ ಆವರಣವಿರಲಿಲ್ಲ. ಅಡುಗೆಯವರ ಫೋನ್ ನಂಬರನ್ನು ಛತ್ರದ ಮ್ಯಾನೇಜರರ ಕೈಗೆ ಕೊಡುವುದು ಒಂದು. ನಾನೇ ಅಡುಗೆಯವರಿಗೆ ಫೋನ್ ಮಾಡಿ, ಮಾತೆಲ್ಲ ಮುಗಿದು ಲೈನ್ ಕಟ್ಟಾದ ಮೇಲೆ ಫೋನನ್ನು ಮ್ಯಾನೇಜರರ ಕಿವಿಗೆ ಹಿಡಿಯುವುದು ಇನ್ನೊಂದು. ಕರೆಯುವ ಕೆಲಸವನ್ನು ಡಾಲರಿಗೆ ವಹಿಸುತ್ತಿದ್ದೇನೆ ಎಂದುಕೊಂಡೇ ನಾನು ಮತ್ತೆ ಸ್ವತಃ ಕರೆದುಬಿಟ್ಟಿದ್ದೆ. ಆವರಣವನ್ನು ತೆಗೆದೆ. ಪುಟ ತೆರೆಯಿತು, ಒಂದು ಕ್ಷಣ ಸೊನ್ನೆ, ಮರುಕ್ಷಣವೇ ಚಪ್ಪಡಿಯ ಸಾಲಿನಲ್ಲಿ 144.

ಸೋಮವಾರ ಹತ್ತು ಗಂಟೆಗೆ ಗಣಿತದ ಮೇಡಂ ಮನೆಯ ಜಗುಲಿಯಲ್ಲಿ ತುರ್ತು ಸಭೆ ಸೇರಿತು. ತೊಡಕು ನಾನು ಎಣಿಸದ ಕಡೆಯಿಂದ ಬಂತು. ಗುರುವಾರದ ನಿರ್ಣಯದಲ್ಲಿ ‘ಹೆಸರು ಹಿಡಿದು ಕರೆದು’ ಎಂದಿದೆ. ಈಗಿನ ತಿದ್ದುಪಡಿಯಲ್ಲಿ ನಾವು ಕರೆಯುತ್ತಿಲ್ಲ. ಕಾರ್ಯದರ್ಶಿಗಳ ಹಸಿರು ಪೆನ್ನು ಅಲ್ಲೇ ನಿಂತುಬಿಟ್ಟಿತು. ನಾನು ಎಲೆ, ಸಾರು, ಛತ್ರ, ಫೋನು ಎಲ್ಲವನ್ನೂ ಹೇಳಿದೆ. ಅವರ ಹುಬ್ಬಿನ ಗಂಟು ಸಡಿಲಲಿಲ್ಲ. ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಕಡೆಗೆ ಸೋತು, "ಸರ್, ಕರೆಯೋ ಅಧಿಕಾರವನ್ನ ನಾವು ಡಾಲರ್‌ಗೆ ಒಪ್ಪಿಸ್ತಿದೀವಿ" ಎಂದೆ.

"ಓ!" ಅವರ ಮುಖ ಬೆಳಗಿತು. "ಅಧಿಕಾರ ಪ್ರತ್ಯಾಯೋಜನೆ! ಮೊದ್ಲೇ ಹೇಳೋದಲ್ವೇನಮ್ಮ? ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ ಅಂತ ಆದೇಶದ ಕೆಳಗೆ ಹಾಕ್ತೀವಿ. ರಾಜ್ಯಪಾಲರು ಬಂದು ಕೂತ್ಕೊಂಡು ಬರೀತಾರಾ? ಸರಿಯಾದ ಹೊತ್ತಿಗೆ ಅಧೀನ ಕಾರ್ಯದರ್ಶಿ ಸಹಿ ಹಾಕ್ತಾನೆ. ಇದು ಅದೇ." ಮೂರು ದಿನ ನನ್ನನ್ನು ಅರೆದ ವಿಷಯ ಅವರಿಗೆ ಮೂರು ಉಸಿರಿನಲ್ಲಿ ಅರ್ಥವಾಗಿತ್ತು.

ಉಳಿದದ್ದು ನಡವಳಿಯ ಕೊನೆಯ ಕಲಂ: ಬದಲಾವಣೆಗೆ ಕಾರಣ. ಇಲ್ಲಿ ಬರೆದದ್ದು ಫಲಕದ ನೆತ್ತಿಯ ಮೇಲೂ ಪ್ರಕಟವಾಗಬೇಕೆಂಬುದು ನಾನೇ ಹಿಂದೊಮ್ಮೆ ಮಾಡಿಸಿದ್ದ ನಿಯಮ.

"ತಾಂತ್ರಿಕ ಕಾರಣ ಅಂತ ಹಾಕಿಬಿಡಿ, ಟೈಮಿಲ್ಲ" ಎಂದರು ಕಾರ್ಯದರ್ಶಿಗಳು.

ತಾಂತ್ರಿಕ ಕಾರಣ. ವಾರ್ಡ್ ಕಚೇರಿಯಿಂದ ಬಂದ ಪ್ರತಿ ಉತ್ತರದಲ್ಲೂ ನಾನು ಕೆಂಪು ಗೆರೆ ಎಳೆದು ವಾಪಸು ಕಳಿಸಿದ್ದ ಪದಗುಚ್ಛ. ಅದು ಎಷ್ಟು ಮೆತ್ತಗಿನ ಹಾಸಿಗೆ ಎಂದು ಅದರ ಮೇಲೆ ಒರಗುವ ಅವಕಾಶ ಸಿಕ್ಕಾಗಲೇ ಗೊತ್ತಾದದ್ದು. ಪೆನ್ನು ಕಾಗದಕ್ಕೆ ತಗುಲಿಯೂ ಆಗಿತ್ತು. ಗಣಿತದ ಮೇಡಂ ತಮ್ಮ ಪ್ಲಾಸ್ಟರಿನ ಅಂಚನ್ನು ಕೆರೆಯುತ್ತಾ ಕೂತಿದ್ದರು. ನಾನು ಬರೆದೆ: ‘ಓಡುತ್ತಿದ್ದ ಫಂಕ್ಷನ್ನಿನ ಅರ್ಥ ತಿಳಿಯದೆ, ತಿಳಿದವರನ್ನು ಕೇಳದೆ, ಸಭೆಯಲ್ಲಿ ಎದ್ದ ಸರಿಯಾದ ಪ್ರಶ್ನೆಯನ್ನು ತಳ್ಳಿಹಾಕಿ ನಿರ್ವಾಹಕಿ ಅದನ್ನು ತಿದ್ದಿದ್ದರಿಂದ ಎಲ್ಲ ದೂರುಗಳೂ ಸೊನ್ನೆ ದಿನ ತೋರಿಸಿದವು.’ ಕೆಳಗೆ ನನ್ನ ಪೂರ್ಣ ಹೆಸರು.

ಬೀಗ ಹಾಕಿದ್ದ ಪತ್ರವನ್ನೂ ವಾಪಸು ಕೇಳಿದೆ. ಕಾರ್ಯದರ್ಶಿಗಳು ಜೇಬಿನಿಂದಲೇ ತೆಗೆದುಕೊಟ್ಟರು. ಕೇಳುತ್ತೇನೆಂದು ಅವರಿಗೆ ಗೊತ್ತಿತ್ತು. ಆಮೇಲೆ ಒಂದೇ ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಿದರು. ತಪ್ಪು. ಇನ್ನೊಮ್ಮೆ ಒತ್ತಿದರು, ಮತ್ತೆ ತಪ್ಪು. ಮೂರನೆಯದೂ ತಪ್ಪಾದರೆ ಇಡೀ ದಿನ ಬಾಗಿಲು ಮುಚ್ಚುತ್ತದೆ. "ಸರ್, ನನಗೆ ಕೊಡಿ." "ನಿಯಮ ಇಲ್ಲ." ಮೂರನೆಯ ಸಲ ಅವರು ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದುತ್ತಾ ಒತ್ತಿದರು, ಜಗುಲಿಯ ಕೆಳಗೆ ಸೊಪ್ಪು ಮಾರುತ್ತಿದ್ದಾಕೆಗೂ ನಮ್ಮ ಪಾಸ್‌ವರ್ಡ್ ಈಗ ಬಾಯಿಪಾಠ. ಕಡತ ಏರಿದಾಗ ಹತ್ತೂ ಐವತ್ತೈದು.

ಹನ್ನೊಂದೂ ಐದಕ್ಕೆ ಎಂಜಿನಿಯರರ ಫೋನು. "ಮೇಡಂ, ಶನಿವಾರ ಸೊನ್ನೆ, ಇವತ್ತು ನೂರಾ ನಲವತ್ತೈದು. ಯಾವ ಫಲಕ ನಂಬಲಿ?"

"ಮೇಲೆ ಬರೆದಿದೀನಿ, ಓದಿ."

ಅವರು ಓದುವ ಸದ್ದು ಕೇಳಿಸಿತು. "ಇದಕ್ಕೆ ನಮ್ಮಲ್ಲಿ ತಾಂತ್ರಿಕ ಕಾರಣ ಅಂತೀವಿ."

"ಗೊತ್ತು."

"ಹಾಗಂತ ಹಾಕಿದ್ದಿದ್ರೆ ನಾನು ಒಪ್ತಿರಲಿಲ್ಲ. ಅದರ ಅರ್ಥ ನನಗಿಂತ ಚೆನ್ನಾಗಿ ಯಾರಿಗ್ ಗೊತ್ತು?" ಆಮೇಲೆ ಹೇಳಿದರು: "ಚಪ್ಪಡಿ ಪಟ್ಟಿಗೆ ಹಾಕಿದೀನಿ."

ನೂರಾ ಅರವತ್ತೊಂದನೆಯ ದಿನ ಮೂರನೇ ಅಡ್ಡರಸ್ತೆಗೆ ಹೊಸ ಚಪ್ಪಡಿ ಬಂತು. ಪ್ಲಾಸ್ಟರ್ ಬಿಚ್ಚಿದ ಗಣಿತದ ಮೇಡಂ ಅದರ ನಾಲ್ಕು ಮೂಲೆಗೂ ಕಾಲಿಟ್ಟು ನೋಡಿ, ನಡುವೆ ನಿಂತು, ಹೂವಿನವಳನ್ನು ಅಲ್ಲಿಗೇ ಕರೆಸಿಕೊಂಡರು. ಆ ಸಾಲಿನ ಎಣಿಕೆ ನಿಂತಿತು.

ಫಲಕದ ಕೊನೆಯ ಸಾಲಿನದು ನಿಂತಿಲ್ಲ. ಆ ಸೋಮವಾರವೇ, ಜಗುಲಿಯಿಂದ ಎಲ್ಲರೂ ಏಳುವ ಮೊದಲು, ಮೇಡಂ ಎಡಗೈಯಲ್ಲಿ ಒಂದು ದೂರು ಬರೆದು ಕೊಟ್ಟಿದ್ದರು. ‘ವಿರುದ್ಧ: ಫಲಕದ ನಿರ್ವಾಹಕಿ. ವಿಷಯ: ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.’ "ಬೇಜಾರ್ ಮಾಡ್ಕೋಬೇಡ ಕಣಮ್ಮ. ನಿಯಮ ಎಲ್ಲರಿಗೂ ಒಂದೇ ಅಂತ ನೀನೇ ಹೇಳ್ತಿರ್ತೀಯಲ್ಲ" ಎಂದಿದ್ದರು. ಅಂದಿನಿಂದ ನಾನು ಪುಟ ತೆರೆದಾಗಲೆಲ್ಲ, ಪಟ್ಟಿ ಪೂರ್ತಿ ಬಂದು ಕೂತ ಮೇಲೆ, ಡಾಲರ್ ನನ್ನ ಸಾಲನ್ನೂ ತಪ್ಪದೆ ಎಣಿಸುತ್ತದೆ. ಇವತ್ತಿಗೆ ಎಂಬತ್ತೆಂಟು. ತೊಂಬತ್ತು ಮೀರುವ ಮೊದಲು ಲಿಖಿತ ಉತ್ತರ ಸಲ್ಲಿಸತಕ್ಕದ್ದೆಂದು ಕಾರ್ಯದರ್ಶಿಗಳು ಹಸಿರು ಶಾಯಿಯಲ್ಲಿ ನೆನಪಿನೋಲೆ ಕಳಿಸಿದ್ದಾರೆ. ಒಂದು ಪುಟ ಮೀರಕೂಡದು ಎಂದೂ ಬರೆದಿದ್ದಾರೆ.

ಆ ಉತ್ತರ ಇದು. ಒಂದು ಪುಟ ಮೀರಿದೆ. ಅದರ ಹೊಣೆಯೂ ನನ್ನದು.